ನಮ್ಮ ನಂತರ ಇವನಿಗೆ ಯಾರು?

ವಿಕಲಚೇತನ ಮಕ್ಕಳನ್ನು ಹೆತ್ತು ಸಾಕಿದ ತಂದೆತಾಯಿಯರ ಬಾಯಿಂದ ಬಹಳ ತಡವಾಗಿ ಹೊರಬೀಳುವ ಪ್ರಶ್ನೆಯೊಂದಿದೆ. ಮಗು ಚಿಕ್ಕದಾಗಿದ್ದಾಗ ಆ ಪ್ರಶ್ನೆ ಅವರನ್ನು ಕಾಡುವುದಿಲ್ಲ. ಆಗ ಆಸ್ಪತ್ರೆಯ ಓಡಾಟ, ಹರಕೆ, ನವೇನ, ವಿಶೇಷ ಶಾಲೆಯ ಹುಡುಕಾಟ, ಇಂದಲ್ಲ ನಾಳೆ ಮಗು ಸರಿಹೋದೀತೆಂಬ ಆಸೆ, ಇವುಗಳಲ್ಲಿಯೇ ಹತ್ತಿಪ್ಪತ್ತು ವರ್ಷಗಳು ಸರಿದುಹೋಗುತ್ತವೆ. ಮಗನಿಗೆ ಮೂವತ್ತು ತುಂಬಿ, ತಂದೆಗೆ ಮಂಡಿನೋವು ಆರಂಭವಾಗಿ, ಬೆಳೆದ ಗಂಡಸಿಗೆ ಸ್ನಾನ ಮಾಡಿಸುವುದು ತಾಯಿಯ ಕೈಯಲ್ಲಿ ಆಗದೆ ಹೋದಾಗ, ಒಂದು ರಾತ್ರಿ ದೀಪ ಆರಿಸಿದ ಮೇಲೆ ಅವರಿಬ್ಬರಲ್ಲಿ ಒಬ್ಬರು ಅದನ್ನು ಆಡಿಬಿಡುತ್ತಾರೆ: ನಮ್ಮ ನಂತರ ಇವನಿಗೆ ಯಾರು?

ಕಡರನಾಯಕನಹಳ್ಳಿಯ ಕಡೆಯ ತಾಯಿಯೊಬ್ಬರು ಇದೇ ಮಾತನ್ನು ಬೇರೊಂದು ರೀತಿಯಲ್ಲಿ ನಮ್ಮ ಮುಂದೆ ಹೇಳಿದ್ದುಂಟು. "ನನಗಿಂತ ಒಂದ್ ದಿನ ಮುಂಚೆ ಅವ್ನು ಹೋದ್ರೆ ಸಾಕ್ರೀ, ಇನ್ನೇನೂ ಬ್ಯಾಡ" ಎಂದರು ಆಕೆ. ಹೆತ್ತ ಕರುಳು ಮಗನ ಸಾವನ್ನು ವರವಾಗಿ ಬೇಡುವಂತಾಗಿದ್ದರೆ ಅದು ಆಕೆಯ ನಂಬಿಕೆಯ ಕೊರತೆ ಎಂದು ನಾವು ತಿಳಿಯುವುದಿಲ್ಲ. ಆಕೆಯ ಸುತ್ತ ಇರುವ ನಮ್ಮೆಲ್ಲರ ಕುರಿತು ಆಕೆ ಕೊಟ್ಟ ತೀರ್ಪು ಅದು. ಇಂಥದೇ ಮಾತನ್ನು ಬೆಂಗಳೂರಿನ ಇಂಗ್ಲಿಷ್ ಬಲ್ಲ ತಾಯಿಯರೂ ಆಡುತ್ತಾರೆ, ಅಮೆರಿಕದಲ್ಲಿ ನೆಲೆಸಿದ ಕನ್ನಡದ ತಾಯಿಯರೂ ಆಡುತ್ತಾರೆ. ಹಣವಿದ್ದವರಿಗೂ ಇಲ್ಲದವರಿಗೂ ಒಂದೇ ಆಗಿರುವ ಭಯಗಳು ಕೆಲವೇ. ಅವುಗಳಲ್ಲಿ ಇದೂ ಒಂದು.

ಈ ಪ್ರಶ್ನೆ ಒಂದರ್ಥದಲ್ಲಿ ಹೊಸದು. ನಮ್ಮ ಅಜ್ಜಂದಿರ ಕಾಲದಲ್ಲಿ ಡೌನ್ ಸಿಂಡ್ರೋಮ್‌ನಂಥ ಸ್ಥಿತಿಯಲ್ಲಿ ಹುಟ್ಟಿದ ಮಕ್ಕಳು ಹೃದಯದ ದೋಷದಿಂದಲೋ, ಎದೆಯ ಸೋಂಕಿನಿಂದಲೋ ಎಳವೆಯಲ್ಲಿಯೇ ತೀರಿಕೊಳ್ಳುತ್ತಿದ್ದರು. ಅಮೆರಿಕದಂಥ ದೇಶದಲ್ಲಿಯೂ 1983ರ ಸುಮಾರಿಗೆ ಇವರ ಸರಾಸರಿ ಆಯುಷ್ಯ 25 ವರ್ಷವಾಗಿತ್ತು. ಇಂದು ಅದು 60ರ ಆಸುಪಾಸಿಗೆ ಬಂದಿದೆ. ಹೃದಯದ ಶಸ್ತ್ರಚಿಕಿತ್ಸೆ ಈಗ ನಮ್ಮ ರಾಜ್ಯದಲ್ಲಿಯೂ ಬಡವರ ಕೈಗೆ ಎಟಕುವಂತಾಗಿದೆ. ಮಕ್ಕಳು ಬದುಕುತ್ತಿದ್ದಾರೆ, ಬದುಕಿ, ದೊಡ್ಡವರಾಗಿ, ತಂದೆತಾಯಿಯರಿಗಿಂತ ಮುಂದಕ್ಕೆ ಉಳಿಯುತ್ತಿದ್ದಾರೆ. ಇದು ದೇವರಿಗೆ ಸ್ತೋತ್ರ ಸಲ್ಲಿಸಬೇಕಾದ ಸಂಗತಿ. ಆದರೆ ಆ ಉಳಿದ ವರ್ಷಗಳಿಗೆ ನಾವು ಮನೆ ಕಟ್ಟಿಲ್ಲ.

2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ಇವರೆಲ್ಲರಿಗೂ ಇನ್ನೊಬ್ಬರ ಆಸರೆಯ ಮನೆ ಬೇಕಿಲ್ಲ. ಕಣ್ಣು ಕಾಣದವರು ಎಷ್ಟೋ ಮಂದಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾ, ಮಕ್ಕಳ ಮದುವೆ ಮಾಡಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ನಾವು ಇಲ್ಲಿ ಮಾತನಾಡುತ್ತಿರುವುದು ಮುಖ್ಯವಾಗಿ ಬುದ್ಧಿಶಕ್ತಿಯ ಬೆಳವಣಿಗೆ ಕುಂಠಿತವಾದವರು, ಆಟಿಸಂ ಇರುವವರು, ಮೆದುಳಿನ ಪಾರ್ಶ್ವವಾಯು ತಗುಲಿದವರ ಬಗೆಗೆ. ಹಿಂದೆ 'ಬುದ್ಧಿಮಾಂದ್ಯರು' ಎಂಬ ಪದ ಬಳಕೆಯಲ್ಲಿತ್ತು. ಊರಿನ ಬಾಯಲ್ಲಿ ಅದಕ್ಕಿಂತ ಕೆಟ್ಟ ಪದಗಳೂ ಇದ್ದವು, ಈಗಲೂ ಇವೆ. ಮನೋರೋಗ ಬೇರೆ, ಇದು ಬೇರೆ ಎಂಬುದನ್ನು ನಮ್ಮವರಿಗೆ ಇನ್ನೂ ಹೇಳಬೇಕಾಗಿ ಬರುತ್ತದೆ. ಮನೋರೋಗಕ್ಕೆ ಔಷಧಿಯುಂಟು, ಅದು ಬರುತ್ತದೆ, ಇಳಿಯುತ್ತದೆ. ಇದು ರೋಗವಲ್ಲ, ಆ ವ್ಯಕ್ತಿ ಹಾಗೆಯೇ ಇರುತ್ತಾನೆ, ಹಾಗೆಯೇ ಕಲಿಯುತ್ತಾನೆ, ನಿಧಾನವಾಗಿ.

ವಿಶೇಷ ಶಾಲೆಗಳು ಹೆಚ್ಚಾಗಿ ಹದಿನೆಂಟರವರೆಗೆ ಕೈಹಿಡಿಯುತ್ತವೆ. ಈ ಕ್ಷೇತ್ರದಲ್ಲಿ ನಮ್ಮ ರಾಜ್ಯದ ಧರ್ಮಭಗಿನಿಯರು ಮಾಡಿರುವ ಕೆಲಸ ದೊಡ್ಡದು. ಮಂಗಳೂರಿನಿಂದ ಹಿಡಿದು ನಮ್ಮ ಬಯಲುಸೀಮೆಯವರೆಗೆ ಅವರ ಶಾಲೆಗಳಲ್ಲಿ ಕಲಿತ ಮಕ್ಕಳನ್ನು ಕಂಡವರಿಗೆ ಅದನ್ನು ವಿವರಿಸಬೇಕಿಲ್ಲ. ಆದರೆ ಹದಿನೆಂಟು ದಾಟಿದ ಮರುವರ್ಷ ಅದೇ ಹುಡುಗ ಮನೆಯ ಜಗುಲಿಯ ಮೇಲೆ ಕುಳಿತಿರುತ್ತಾನೆ. ಕಲಿತದ್ದೆಲ್ಲ ಒಂದೆರಡು ವರ್ಷಗಳಲ್ಲಿ ಮರೆತುಹೋಗುತ್ತದೆ. ಅಣ್ಣನಿಗೆ ಮದುವೆಯಾಗುತ್ತದೆ, ಅತ್ತಿಗೆ ಬರುತ್ತಾಳೆ. ಅತ್ತಿಗೆಯನ್ನು ದೂರುವುದು ಸುಲಭ. ತಾನು ಕೇಳದೆ ಬಂದ ಹೊರೆಯನ್ನು ಹತ್ತಾರು ವರ್ಷ ಹೊತ್ತ ಅತ್ತಿಗೆಯರನ್ನು ನಾವು ಬಲ್ಲೆವು, ಅವರಿಗೆ ಯಾವ ಧರ್ಮಕೇಂದ್ರವೂ ಸನ್ಮಾನ ಮಾಡಿದ್ದಿಲ್ಲ.

ಉಳಿಯುವ ದಾರಿಯೆಂದರೆ 'ಹೋಮ್'. ದೊಡ್ಡ ಕಟ್ಟಡ, ಸಾಲುಮಂಚ, ಗಂಟೆ ಹೊಡೆದಾಗ ಊಟ. ಅಲ್ಲಿ ದುಡಿಯುವ ಭಗಿನಿಯರ ತ್ಯಾಗಕ್ಕೆ ನಮ್ಮ ತಲೆ ಬಾಗುತ್ತದೆ. ಬೀದಿಯಲ್ಲಿ ಬಿದ್ದವರನ್ನು ಎತ್ತಿ ತಂದು ತೊಳೆದು ಮಲಗಿಸುವವರನ್ನು ಟೀಕಿಸುವ ಹಕ್ಕು ಸೋಫಾದ ಮೇಲೆ ಕುಳಿತು ಬರೆಯುವವರಿಗಿಲ್ಲ. ಆದರೂ ಒಂದು ಮಾತನ್ನು ಹೇಳಲೇಬೇಕು. ಮಗನ ಮೊದಲ ಪರಮಪ್ರಸಾದದ ದಿನವೋ, ಅಜ್ಜಿಯ ವರ್ಷಾಂತಿಕದ ದಿನವೋ ನಾವು ಬಿರಿಯಾನಿ ಪಾತ್ರೆ, ಕೇಕು ಹಿಡಿದುಕೊಂಡು ಅಂಥ ಹೋಮಿಗೆ ಹೋಗುತ್ತೇವೆ, ಬಡಿಸುತ್ತೇವೆ, ಛಾಯಾಚಿತ್ರ ತೆಗೆಸಿಕೊಳ್ಳುತ್ತೇವೆ, ಕಣ್ಣೊರೆಸಿಕೊಂಡು ಹಿಂತಿರುಗುತ್ತೇವೆ. ಹೀಗೆ ಬಡಿಸಿಕೊಂಡವರಲ್ಲಿ ಒಬ್ಬರನ್ನಾದರೂ ನಮ್ಮ ಮನೆಯ ಊಟಕ್ಕೆ ಕರೆದದ್ದುಂಟೇ? ಔತಣ ಮಾಡುವಾಗ ಕುಂಟರನ್ನೂ ಕುರುಡರನ್ನೂ ಕರೆಯಬೇಕೆಂದು ಪ್ರಭು ಹೇಳಿದ ಮಾತು ಲೂಕನ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿದೆ. ಅಲ್ಲಿ ಹೇಳಿರುವುದು ನಮ್ಮ ಮೇಜಿಗೆ ಕರೆಯುವ ವಿಷಯ. ಪಾತ್ರೆ ಹೊತ್ತುಕೊಂಡು ಹೋಗುವ ವಿಷಯವಲ್ಲ.

ಹೋಮಿಗೂ ಮನೆಗೂ ನಡುವೆ ಇನ್ನೊಂದು ದಾರಿ ಇದೆ. ಇಂಗ್ಲಿಷ್ ಬಲ್ಲವರು ಅದನ್ನು ಗ್ರೂಪ್ ಹೋಮ್ ಎನ್ನುತ್ತಾರೆ. ನಾವು ಗುಂಪುಮನೆ ಎನ್ನೋಣ. ಊರಿನ ಸಾಮಾನ್ಯ ಬೀದಿಯಲ್ಲಿ ಒಂದು ಸಾಮಾನ್ಯ ಮನೆ. ಅದರಲ್ಲಿ ನಾಲ್ಕೈದು ಮಂದಿ ವಿಕಲಚೇತನ ವಯಸ್ಕರು, ಅವರೊಡನೆ ಹಗಲಿರುಳು ಇದ್ದು ಬೇಕಾದಷ್ಟೇ ನೆರವಾಗುವ ಇಬ್ಬರು ಮೂವರು ಸಂಗಾತಿಗಳು. ಅದೇ ಕಿರಾಣಿ ಅಂಗಡಿ, ಅದೇ ದೇವಾಲಯ, ಅದೇ ಪಕ್ಕದ ಮನೆಯವರ ಜಗಳ. ಇಷ್ಟೇ ಸಂಗತಿ. ಕೇಳಲು ಇದು ಪರದೇಶದ ಹೊಸ ಪದ್ಧತಿಯಂತೆ ತೋರಿದರೂ ಇದರ ಬೇರು ನಮ್ಮ ಕಥೋಲಿಕ ಪರಂಪರೆಯಲ್ಲಿಯೇ ಏಳುನೂರು ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ.

ಬೆಲ್ಜಿಯಂ ದೇಶದಲ್ಲಿ ಗೇಲ್ ಎಂಬ ಪಟ್ಟಣವಿದೆ. ಸಂತ ಡಿಂಫ್ನಾ ಎಂಬ ಐರಿಷ್ ರಾಜಕುವರಿ ಬುದ್ಧಿಭ್ರಮಣೆಗೊಂಡ ತಂದೆಯಿಂದ ತಪ್ಪಿಸಿಕೊಂಡು ಬಂದು ಅಲ್ಲಿ ಅವನ ಕೈಯಿಂದಲೇ ಹತಳಾದಳೆಂಬುದು ಐತಿಹ್ಯ. ಮಧ್ಯಯುಗದಲ್ಲಿ ಆಕೆಯ ಸಮಾಧಿಗೆ ಮನೋವ್ಯಥೆಯುಳ್ಳವರನ್ನು ಕರೆದುಕೊಂಡು ಯಾತ್ರಿಕರು ಬರತೊಡಗಿದರು. ನಮ್ಮ ಹರಿಹರಕ್ಕೆ ಸೆಪ್ಟೆಂಬರ್ 8ರಂದು ಬರುವಂತೆಯೇ ಎಂದುಕೊಳ್ಳಿ. ದೇವಾಲಯದ ಪಕ್ಕದ ಕೊಠಡಿ ಸಾಲದಾಯಿತು. ಆಗ ಅಲ್ಲಿಯ ಗುರುಗಳು ಊರಿನ ರೈತರನ್ನು ಕೇಳಿಕೊಂಡರು: ಇವರನ್ನು ನಿಮ್ಮ ಮನೆಗಳಲ್ಲಿ ಇರಿಸಿಕೊಳ್ಳುವಿರಾ? ರೈತರು ಒಪ್ಪಿಕೊಂಡರು. ಬಂದವರಲ್ಲಿ ಹಲವರು ಹಿಂತಿರುಗಲೇ ಇಲ್ಲ. ಹೊಲದಲ್ಲಿ ಕೆಲಸ ಮಾಡುತ್ತಾ, ಆ ಮನೆಯ ಮಕ್ಕಳನ್ನು ಆಡಿಸುತ್ತಾ ಅಲ್ಲಿಯೇ ಉಳಿದರು. ಇವರನ್ನು ಆ ಊರಿನವರು ರೋಗಿಗಳೆಂದು ಕರೆಯುವುದಿಲ್ಲ, ಮನೆಯಲ್ಲಿ ಉಳಿದ ಅತಿಥಿ ಎನ್ನುವ ಅರ್ಥದ ಪದ ಬಳಸುತ್ತಾರೆ. ತಂದೆ ತೀರಿಕೊಂಡರೆ ಮಗ, ಮಗ ತೀರಿಕೊಂಡರೆ ಮೊಮ್ಮಗ ಅದೇ ಅತಿಥಿಯನ್ನು ನೋಡಿಕೊಳ್ಳುವುದೂ ಅಲ್ಲಿ ಉಂಟು. 1930ರ ದಶಕದ ಕೊನೆಯಲ್ಲಿ ಆ ಒಂದೇ ಊರಿನ ಮನೆಗಳಲ್ಲಿ ಸುಮಾರು 3,700 ಮಂದಿ ಹೀಗೆ ನೆಲೆಸಿದ್ದರು. ಈಗ ಸಂಖ್ಯೆ ಬಹಳ ಇಳಿದಿದೆ, ಆದರೆ ಪದ್ಧತಿ ನಿಂತಿಲ್ಲ. 2023ರಲ್ಲಿ ಯುನೆಸ್ಕೊ ಸಂಸ್ಥೆ ಅದನ್ನು ಕಾಪಾಡಬೇಕಾದ ಪರಂಪರೆಯೆಂದು ಗುರುತಿಸಿತು.

ಹರಿಹರದ ಆರೋಗ್ಯಮಾತೆಯ ದೇವಾಲಯಕ್ಕೆ 2019ರಲ್ಲಿ ಕಿರಿಯ ಬೆಸಿಲಿಕಾ ಎಂಬ ಗೌರವ ದೊರೆತಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಗೇಲ್ ಊರಿನ ಕಥೆ ಓದಿದಾಗಲೆಲ್ಲ ನಮಗೆ ಒಂದು ಯೋಚನೆ ಬರುತ್ತದೆ: ತುಂಗಭದ್ರೆಯ ದಡದ ಈ ಪುಣ್ಯಕ್ಷೇತ್ರಕ್ಕೆ ಕೈಹಿಡಿದು ಕರೆತಂದ ಮಕ್ಕಳೆಲ್ಲ ಅದೇ ಸಂಜೆ ಅದೇ ಜಗುಲಿಗೆ ಮರಳುತ್ತಾರಲ್ಲ.

ಭಾರತದಲ್ಲಿ ಈ ಬಗೆಯ ಮನೆ ಇಲ್ಲವೆಂದಲ್ಲ. ನಮ್ಮ ರಾಜ್ಯದಲ್ಲಿಯೇ ಅರ್ಧ ಶತಮಾನಕ್ಕೂ ಹಿಂದೆ ಆರಂಭವಾಗಿದೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಆಶಾ ನಿಕೇತನವನ್ನು 1970ರಲ್ಲಿ ಸ್ಥಾಪಿಸಲಾಯಿತು. 'ಲಾರ್ಷ್', ಅಂದರೆ ನೋವನ ನಾವೆ ಎಂಬ ಹೆಸರಿನ ಅಂತರರಾಷ್ಟ್ರೀಯ ಬಳಗಕ್ಕೆ ಸೇರಿದ, ಭಾರತದ ಮೊದಲ ಮನೆ ಅದು. ಮುಂದೆ ಕೋಲ್ಕತಾ, ಚೆನ್ನೈ ಮತ್ತು ಕೇರಳದ ಕೋಯಿಕ್ಕೋಡ್ ಬಳಿಯ ನಂದಿ ಬಜಾರಿನಲ್ಲಿ ಅದೇ ಹೆಸರಿನ ಮನೆಗಳು ಹುಟ್ಟಿಕೊಂಡವು. ಇವುಗಳ ವಿಶೇಷವೆಂದರೆ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ಸೂರಿನಡಿ ಬಾಳುವುದು, ಒಬ್ಬರ ಹಬ್ಬವನ್ನು ಇನ್ನೊಬ್ಬರು ಆಚರಿಸುವುದು. ನೆರವಾಗುವವರು ಸಂಬಳಕ್ಕೆ ಬಂದು ಹೋಗುವ ನೌಕರರಷ್ಟೇ ಆಗದೆ ಜೊತೆಯಲ್ಲಿ ವಾಸಿಸುವವರು. ವಿಕಲಚೇತನರನ್ನು ಆ ಮನೆಯ ತಿರುಳಾದ ಸದಸ್ಯರು ಎಂದು ಕರೆಯುತ್ತಾರೆ. ಹಗಲು ಹೊತ್ತಿನಲ್ಲಿ ಕೈಕೆಲಸದ ಶಾಲೆ ನಡೆಯುತ್ತದೆ. ತಮ್ಮ ತಮ್ಮ ಮನೆಗಳಲ್ಲಿಯೇ ಉಳಿದ ಇತರರೂ ಅದಕ್ಕೆ ಬಂದು ಹೋಗುತ್ತಾರೆ.

ಇಡೀ ಬಳಗದ ಆರಂಭ ಫ್ರಾನ್ಸಿನ ತ್ರೋಲಿ-ಬ್ರೊಯ್ ಎಂಬ ಹಳ್ಳಿಯಲ್ಲಿ, 1964ರ ಆಗಸ್ಟ್ ತಿಂಗಳಲ್ಲಿ. ಜಾನ್ ವ್ಯಾನಿಯೇ ಎಂಬ ಕೆನಡಾದ ಮಾಜಿ ನೌಕಾಧಿಕಾರಿ, ದೊಡ್ಡ ಸಂಸ್ಥೆಯೊಂದರಲ್ಲಿ ಬಂಧಿಯಂತಿದ್ದ ರಾಫೆಲ್ ಮತ್ತು ಫಿಲಿಪ್ ಎಂಬಿಬ್ಬರನ್ನು ಕರೆತಂದು ಒಂದು ಹಳೆಯ ಮನೆಯಲ್ಲಿ ವಾಸಿಸತೊಡಗಿದರು. ಇಂದು ಆ ಬಳಗ ಸುಮಾರು 38 ದೇಶಗಳಲ್ಲಿ 150ಕ್ಕೂ ಹೆಚ್ಚು ಸಮುದಾಯಗಳಾಗಿ ಹರಡಿದೆ. ವ್ಯಾನಿಯೇ ಅವರನ್ನು ಜೀವಂತ ಸಂತರೆಂದೇ ಜನ ಕರೆಯುತ್ತಿದ್ದರು. 2015ರಲ್ಲಿ ಟೆಂಪಲ್ಟನ್ ಪ್ರಶಸ್ತಿ ಬಂತು. ನಮ್ಮ ಗುರುಮಠಗಳಲ್ಲಿ ಅವರ ಪುಸ್ತಕಗಳನ್ನು ಓದಿಸುತ್ತಿದ್ದರು.

ಇಲ್ಲಿ ಲೇಖನ ನಿಲ್ಲಿಸಿದರೆ ಓದುಗರಿಗೆ ಸೊಗಸಾದ ಕಥೆಯೊಂದು ಸಿಕ್ಕಂತಾಗುತ್ತದೆ, ಸತ್ಯ ಸಿಗುವುದಿಲ್ಲ. ವ್ಯಾನಿಯೇ 2019ರ ಮೇ ತಿಂಗಳಲ್ಲಿ ತೀರಿಕೊಂಡರು. 2020ರ ಫೆಬ್ರವರಿಯಲ್ಲಿ ಲಾರ್ಷ್ ಸಂಸ್ಥೆಯೇ ನಡೆಸಿದ ವಿಚಾರಣೆಯ ವರದಿ ಹೊರಬಂತು. ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಅವರು ಆರು ಮಂದಿ ಮಹಿಳೆಯರನ್ನು ಲೈಂಗಿಕವಾಗಿ ದುರುಪಯೋಗಪಡಿಸಿಕೊಂಡಿದ್ದರೆಂದು ಅದು ಹೇಳಿತು. 2023ರ ಜನವರಿಯಲ್ಲಿ ಬಂದ ಎರಡನೆಯ, ವಿಸ್ತಾರವಾದ ವರದಿಯಲ್ಲಿ ಅಂಥವರ ಸಂಖ್ಯೆ ಕನಿಷ್ಠ 25 ಎಂದು ತಿಳಿಯಿತು. ವಿಕಲಚೇತನರು ಯಾರೂ ಬಲಿಯಾದದ್ದು ಕಂಡುಬಂದಿಲ್ಲವೆಂಬುದು ಅಲ್ಪ ಸಮಾಧಾನ. ವ್ಯಾನಿಯೇ ಅವರ ಆಧ್ಯಾತ್ಮಿಕ ಗುರುವಾಗಿದ್ದ ಥಾಮಸ್ ಫಿಲಿಪ್ ಎಂಬ ಡೊಮಿನಿಕನ್ ಗುರುವಿಗೆ ಇಂಥದೇ ಕೃತ್ಯಗಳಿಗಾಗಿ 1956ರಲ್ಲಿಯೇ ರೋಮ್ ಶಿಕ್ಷೆ ವಿಧಿಸಿತ್ತು. ಅದು ಗುಟ್ಟಾಗಿ ಉಳಿಯಿತು.

ಕಥೋಲಿಕ ಅಂಕಣದಲ್ಲಿ ಇದನ್ನೇಕೆ ಬರೆಯಬೇಕೆಂದು ಕೆಲವರು ಕೇಳಬಹುದು. ಬಾಯಿಲ್ಲದವರ ಮನೆಯನ್ನು ಕಟ್ಟಲು ಹೊರಟವರು ಮೊಟ್ಟಮೊದಲು ಓದಬೇಕಾದ ಪಾಠ ಇದೇ ಆದ್ದರಿಂದ ಬರೆಯಬೇಕು. ಒಬ್ಬ ಪುಣ್ಯವಂತನ ಹೆಸರಿನ ಮೇಲೆ ನಿಂತ ಮನೆಗೆ ಬಾಗಿಲು ಬಡಿದು ಒಳಗೇನು ನಡೆಯುತ್ತಿದೆ ಎಂದು ಕೇಳಲು ಜನ ಹಿಂಜರಿಯುತ್ತಾರೆ. ಲಾರ್ಷ್ ಬಳಗ ತನ್ನ ಸ್ಥಾಪಕನ ತಪ್ಪನ್ನು ತಾನೇ ಹುಡುಕಿ ತಾನೇ ಜಗತ್ತಿಗೆ ಸಾರಿತು. ಆ ಮನೆಗಳು ಮುಚ್ಚಿಹೋಗಲಿಲ್ಲ. ಮನೆಯನ್ನು ಉಳಿಸಿದ್ದು ರಾಫೆಲ್ ಮತ್ತು ಫಿಲಿಪ್‌ರಂಥ ಸಾವಿರಾರು ಮಂದಿ ಮತ್ತು ಅವರೊಡನೆ ಅನ್ನ ಹಂಚಿಕೊಂಡ ಹೆಸರಿಲ್ಲದ ಸಂಗಾತಿಗಳು ಎಂಬುದು ನಮ್ಮ ಅಭಿಪ್ರಾಯ.

ಮೇಲ್ವಿಚಾರಣೆ ಇಲ್ಲದ ಆಶ್ರಯ ಏನಾಗಬಹುದೆಂಬುದಕ್ಕೆ ದೂರ ಹೋಗಬೇಕಿಲ್ಲ. ತಮಿಳುನಾಡಿನ ಎರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಖಾಸಗಿ ಆಶ್ರಯ ಶೆಡ್ಡಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಮನೋರೋಗಿಗಳು ಓಡಲಾರದೆ 28 ಮಂದಿ ಸತ್ತರು. ಅವರನ್ನು ಅಲ್ಲಿ ಬಿಟ್ಟು ಹೋದವರೂ ಯಾತ್ರೆಗೆಂದು ಬಂದ ಬಂಧುಗಳೇ.

ಹಾಗಾದರೆ ಒಳ್ಳೆಯ ಗುಂಪುಮನೆ ಹೇಗೆ ನಡೆಯುತ್ತದೆ? ಮೊದಲನೆಯದಾಗಿ ಅದು ಚಿಕ್ಕದಾಗಿರಬೇಕು. ಇಪ್ಪತ್ತು ಮಂದಿಗೆ ಅಡುಗೆ ಮಾಡುವಲ್ಲಿ ಅಡುಗೆಮನೆಗೆ ಬೀಗ ಬೀಳುತ್ತದೆ. ಐದು ಮಂದಿಗೆ ಮಾಡುವಲ್ಲಿ ಒಬ್ಬಳು ಈರುಳ್ಳಿ ಸುಲಿಯಬಹುದು, ಒಬ್ಬನು ತಟ್ಟೆ ಹಾಕಬಹುದು, ಇನ್ನೊಬ್ಬನು ಇವತ್ತು ರೊಟ್ಟಿ ಬೇಡ, ಮಂಡಕ್ಕಿ ಮಾಡಿ ಎಂದು ಹಠ ಹಿಡಿಯಬಹುದು. ದಾವಣಗೆರೆಯವರಿಗೆ ಆ ಹಠ ಅರ್ಥವಾಗುತ್ತದೆ. ಏನು ತಿನ್ನಬೇಕೆಂದು ಹೇಳುವ ಹಕ್ಕು ಸಣ್ಣದೆಂದು ನಮಗೆ ತೋರುವುದು ಅದನ್ನು ನಾವು ಎಂದೂ ಕಳೆದುಕೊಂಡಿಲ್ಲದ ಕಾರಣದಿಂದ. ಯಾವಾಗ ಮಲಗಬೇಕು, ಯಾವ ಅಂಗಿ ತೊಡಬೇಕು, ಭಾನುವಾರ ಬಲಿಪೂಜೆಗೆ ಹೋಗಬೇಕೋ ಬೇಡವೋ, ಇವೂ ಹಾಗೆಯೇ.

ಎರಡನೆಯದು ಕೆಲಸ. ಹಗಲೆಲ್ಲ ಕುಳಿತಿರುವವನು ರಾತ್ರಿ ನಿದ್ರಿಸುವುದಿಲ್ಲ, ಇತರರನ್ನೂ ನಿದ್ರಿಸಗೊಡುವುದಿಲ್ಲ. ಮೇಣದಬತ್ತಿ, ಕಾಗದದ ಚೀಲ, ತರಕಾರಿ ಬೆಳೆ, ಹಸುವಿನ ಆರೈಕೆ, ಯಾವುದಾದರೂ ಆಗಬಹುದು. ಅದರಿಂದ ಬರುವ ಹಣ ಎಷ್ಟೇ ಕಡಿಮೆಯಿರಲಿ, ಅದು ಅವನ ಕೈಗೆ ಬರಬೇಕು. ಸ್ಕಾಟ್ಲೆಂಡಿನಲ್ಲಿ ಕಾರ್ಲ್ ಕೋನಿಗ್ ಎಂಬ ವೈದ್ಯರು 1940ರ ಸುಮಾರಿಗೆ ಆರಂಭಿಸಿದ ಕ್ಯಾಂಪ್‌ಹಿಲ್ ಸಮುದಾಯಗಳು ಹೊಲ ತೋಟಗಳ ದುಡಿಮೆಯನ್ನೇ ಬದುಕಿನ ನಡುಗಂಬವಾಗಿ ಇರಿಸಿಕೊಂಡಿವೆ. ನಮ್ಮ ಭದ್ರಾ ನಾಲೆಯ ಊರುಗಳಿಗೆ ಈ ಕ್ರಮ ಚೆನ್ನಾಗಿಯೇ ಒಗ್ಗೀತು.

ಎಲ್ಲಕ್ಕಿಂತ ಕಠಿಣವಾದದ್ದು ಸಂಗಾತಿಗಳನ್ನು ಹುಡುಕುವುದು ಮತ್ತು ಉಳಿಸಿಕೊಳ್ಳುವುದು. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಅಮೃತಶಿಲೆಯ ಮೇಲೆ ಹೆಸರು ಕೆತ್ತಬಹುದಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಹಾಸಿಗೆ ಬದಲಿಸುವವರ ಸಂಬಳಕ್ಕೆ ದಾನಿಗಳು ಸಿಗುವುದಿಲ್ಲ. ಪ್ರೀತಿಯೊಂದಿದ್ದರೆ ಸಾಕೆಂಬ ಮಾತು ಪ್ರವಚನಕ್ಕೆ ಸರಿ. ಮನೆ ನಡೆಸಲು ಪಾಳಿ ಬೇಕು, ವಾರದ ರಜೆ ಬೇಕು, ತರಬೇತಿ ಬೇಕು, ಅಪಸ್ಮಾರ ಬಂದಾಗ ಏನು ಮಾಡಬೇಕೆಂದು ಗೊತ್ತಿರಬೇಕು. ಹೆಣ್ಣುಮಕ್ಕಳಿರುವ ಮನೆಯಲ್ಲಿ ಸ್ನಾನ, ಬಟ್ಟೆ, ರಾತ್ರಿ ಪಾಳಿಗೆ ಹೆಂಗಸರೇ ಇರಬೇಕು. ಹೇಳದೆ ಕೇಳದೆ ಯಾವ ಹೊತ್ತಿನಲ್ಲಿಯಾದರೂ ಬಂಧುಗಳು ಬರಬಹುದೆಂಬ ನಿಯಮವಿರಬೇಕು. ಬರಬೇಡಿ ಎನ್ನುವ ಮನೆಯಲ್ಲಿ, ಅದನ್ನು ಯಾರೇ ನಡೆಸುತ್ತಿರಲಿ, ನಮ್ಮ ಮಗುವನ್ನು ಬಿಡುವಂತಿಲ್ಲ.

ಕಾನೂನಿನ ಮಾತು ಬಂದಾಗ ನಮ್ಮ ಜನ ಪುಟ ತಿರುವುತ್ತಾರೆ. ದಯವಿಟ್ಟು ಇದನ್ನು ಓದಬೇಕು. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್ 1ರಂದು ಸ್ಥಿರೀಕರಿಸಿತು. ಅದರ 19ನೆಯ ವಿಧಿ ಸಮುದಾಯದ ನಡುವೆ ಬಾಳುವ ಹಕ್ಕನ್ನು ಹೇಳುತ್ತದೆ. ಅದಕ್ಕನುಗುಣವಾಗಿ ಬಂದ 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 5ನೆಯ ಕಲಮು ಅದನ್ನೇ ನಮ್ಮ ನೆಲದ ಕಾನೂನಾಗಿಸಿದೆ: ಇಂಥಲ್ಲಿಯೇ ಇರಬೇಕೆಂದು ಯಾರನ್ನೂ ಕಟ್ಟಿಹಾಕದಂತೆ, ಮನೆಯಲ್ಲಿಯೇ ಇರಲು ಬೇಕಾದ ನೆರವೂ ವಸತಿಯ ನೆರವೂ ದೊರಕುವಂತೆ ಸರ್ಕಾರ ಪ್ರಯತ್ನಿಸಬೇಕು. 'ಪ್ರಯತ್ನಿಸಬೇಕು' ಎಂಬ ಪದದ ಮೇಲೆ ಬೆರಳಿಟ್ಟು ನೋಡಿದರೆ ಅದರ ಸಡಿಲು ಕಾಣುತ್ತದೆ. ಆದರೂ ಕೇಳುವವರ ಕೈಗೆ ಒಂದು ಊರುಗೋಲು ಸಿಕ್ಕಂತಾಯಿತು.

ಇದಕ್ಕಿಂತ ಹಳೆಯದಾದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ನಮ್ಮ ಓದುಗರಿಗೆ ಹೆಚ್ಚು ಹತ್ತಿರದ್ದು. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ವೈಕಲ್ಯ ಮತ್ತು ಬಹುವೈಕಲ್ಯ, ಈ ನಾಲ್ಕು ವರ್ಗದವರಿಗಾಗಿ ಅದು ಬಂದಿತು. ತಂದೆತಾಯಿಯರ ಕಾಲಾನಂತರದ ಚಿಂತೆಯೇ ಆ ಕಾಯ್ದೆಯ ಹುಟ್ಟಿಗೆ ಕಾರಣಗಳಲ್ಲೊಂದು. ವಯಸ್ಕರಿಗೆ ಜೀವನಪರ್ಯಂತದ ವಸತಿಗಾಗಿ 'ಘರೌಂದಾ' ಎಂಬ ಯೋಜನೆಯನ್ನೂ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ವೈದ್ಯಕೀಯ ವೆಚ್ಚಕ್ಕಾಗಿ 'ನಿರಾಮಯ' ವಿಮೆಯನ್ನೂ ಆ ಟ್ರಸ್ಟ್ ರೂಪಿಸಿದೆ. ಹದಿನೆಂಟು ತುಂಬಿದೊಡನೆ ಮಗ ಕಾನೂನಿನ ಕಣ್ಣಿನಲ್ಲಿ ವಯಸ್ಕನಾಗುತ್ತಾನೆ. ಅವನ ಪರವಾಗಿ ಸಹಿ ಹಾಕುವ ಅಧಿಕಾರ ತಂದೆಗೂ ತಾನಾಗಿ ಉಳಿಯುವುದಿಲ್ಲ. ಹಾಗಾಗಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟು ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳಬೇಕು. ಆ ಸಮಿತಿಯಲ್ಲಿ ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿಯೂ ಒಬ್ಬ ವಿಕಲಚೇತನ ವ್ಯಕ್ತಿಯೂ ಇರುತ್ತಾರೆ. ತಾವು ಬದುಕಿರುವಾಗಲೇ ಇದನ್ನು ಮಾಡಿಸಿಕೊಂಡ ಕುಟುಂಬಗಳಿಗೂ ಮಾಡಿಸದೆ ಹೋದವರಿಗೂ ಇರುವ ವ್ಯತ್ಯಾಸ ತಂದೆಯ ಶವಸಂಸ್ಕಾರದ ಮಾರನೆಯ ದಿನ ಬ್ಯಾಂಕಿನ ಕಿಟಕಿಯಲ್ಲಿ ತಿಳಿಯುತ್ತದೆ.

ಆಸ್ತಿಯ ವಿಷಯದಲ್ಲಿ ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಬರೆಯದೆ ತಂದೆ ತೀರಿಕೊಂಡರೆ ಮೂರರಲ್ಲಿ ಒಂದು ಪಾಲು ಪತ್ನಿಗೆ, ಉಳಿದ ಎರಡು ಪಾಲು ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೆ ಸಮನಾಗಿ. ವಿಕಲಚೇತನ ಮಗನಿಗೂ ಅಷ್ಟೇ ಪಾಲು. 'ಅವನಿಗೇಕೆ ಆಸ್ತಿ, ನಾನು ನೋಡಿಕೊಳ್ಳುತ್ತೇನಲ್ಲ' ಎನ್ನುವ ಅಣ್ಣಂದಿರು ಪ್ರತಿ ಊರಿನಲ್ಲಿದ್ದಾರೆ. ಕೆಲವರು ನಿಜವಾಗಿಯೂ ನೋಡಿಕೊಳ್ಳುತ್ತಾರೆ. ಆದರೆ ಉಯಿಲು ಬರೆದು, ಮನೆಯ ಒಂದು ಭಾಗವನ್ನೋ ಠೇವಣಿಯನ್ನೋ ಅವನ ಹೆಸರಿನ ಟ್ರಸ್ಟಿಗೆ ಸೇರಿಸಿ, ಬಂಧುವಲ್ಲದ ಒಬ್ಬರನ್ನೂ ಅದರಲ್ಲಿ ಇರಿಸಿದರೆ ಅಣ್ಣನ ಪ್ರಾಮಾಣಿಕತೆಗೂ ಅದು ರಕ್ಷೆಯೇ.

ಇನ್ನು ನಮ್ಮ ಊರಿನ ಮಾತಿಗೆ ಬರೋಣ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರವಿದೆ. ಜನ ಅದನ್ನು ಸಿ.ಆರ್.ಸಿ. ಎನ್ನುತ್ತಾರೆ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯ ಅಧೀನದಲ್ಲಿರುವ ಆ ಕೇಂದ್ರದಲ್ಲಿ ತರಬೇತಿ, ಚಿಕಿತ್ಸೆ, ಸಲಹೆ ದೊರೆಯುತ್ತದೆ. ಗ್ರಾಮ ಪಂಚಾಯಿತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅಂದರೆ ಒಂದು ಗುಂಪುಮನೆಗೆ ಬೇಕಾದ ಊರುಗೋಲುಗಳು ಹದಿನೈದು ಕಿಲೋಮೀಟರಿನೊಳಗೇ ಇವೆ. ಇಲ್ಲದಿರುವುದು ಮನೆ. ವಿದೇಶಕ್ಕೋ ಬೆಂಗಳೂರಿಗೋ ಮಕ್ಕಳು ಹೋಗಿಬಿಟ್ಟು ಬೀಗ ಹಾಕಿದ ಕಥೋಲಿಕ ಮನೆಗಳು ದಾವಣಗೆರೆಯಲ್ಲಿಯೂ ಹರಿಹರದಲ್ಲಿಯೂ ಎಷ್ಟಿವೆ ಎಂಬುದನ್ನು ಓದುಗರೇ ತಮ್ಮ ಬೀದಿಯಲ್ಲಿ ಎಣಿಸಿಕೊಳ್ಳಬಹುದು. ಕಟ್ಟಡವನ್ನು ಕಟ್ಟುವ ಮೊದಲು ಬಾಡಿಗೆಗೆ ಒಂದನ್ನು ಹಿಡಿದು ನೋಡಬಾರದೇ?

ಆಕ್ಷೇಪಣೆಗಳು ಬರುತ್ತವೆ. ನೆರೆಯವರು ಒಪ್ಪುವುದಿಲ್ಲ ಎನ್ನುತ್ತಾರೆ. ಮೊದಮೊದಲು ಒಪ್ಪುವುದಿಲ್ಲ, ನಿಜ. ಗಲಾಟೆ ಎನ್ನುತ್ತಾರೆ, ಬಾಡಿಗೆ ಇಳಿಯುತ್ತದೆ ಎನ್ನುತ್ತಾರೆ, ಗರ್ಭಿಣಿಯರು ನೋಡಬಾರದೆಂಬ ಅಜ್ಞಾನದ ಮಾತೂ ಬರುತ್ತದೆ. ಮನೆ ಹಿಡಿಯುವ ಮೊದಲೇ ಬೀದಿಯವರನ್ನು ಕರೆದು ಚಹಾ ಕೊಟ್ಟು ಮಾತನಾಡುವುದು ಒಳ್ಳೆಯದು. ಇನ್ನೊಂದು ಆಕ್ಷೇಪಣೆ ಗಂಭೀರವಾದದ್ದು: ಸದಾ ವೈದ್ಯಕೀಯ ಆರೈಕೆ ಬೇಕಾದವರನ್ನು, ತಮಗೇ ಪೆಟ್ಟು ಮಾಡಿಕೊಳ್ಳುವವರನ್ನು ಬಾಡಿಗೆ ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ? ಎಲ್ಲರಿಗೂ ಇದು ಆಗುವುದಿಲ್ಲ ಎಂಬುದೇ ಉತ್ತರ. ತ್ರೋಲಿಯ ಆ ಹಳೆಯ ಮನೆಗೆ ಮೊದಲ ರಾತ್ರಿ ಮೂರನೆಯವನೊಬ್ಬನು ಬಂದಿದ್ದನು. ಅವನಿಗೆ ಅಲ್ಲಿ ಇರಲಾಗಲಿಲ್ಲ, ಮರಳಿ ಕಳುಹಿಸಬೇಕಾಯಿತು. ಅಂಥವರಿಗೆ ಭಗಿನಿಯರ ಹೋಮುಗಳೂ ಆಸ್ಪತ್ರೆಗಳೂ ಬೇಕೇಬೇಕು. ಆದರೆ ಐವರಲ್ಲಿ ನಾಲ್ವರಿಗೆ ಬೇಕಿರದ ಸಾಲುಮಂಚವನ್ನು ಐದನೆಯವನ ನೆಪ ಹೇಳಿ ಎಲ್ಲರಿಗೂ ಹಾಸುವುದು ನ್ಯಾಯವಲ್ಲ.

ಹಣದ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವಿಲ್ಲ. ಮಾಸಾಶನ, ಕುಟುಂಬದ ಪಾಲು, ಧರ್ಮಕೇಂದ್ರದ ಪಾಲು, ಸಂತ ವಿನ್ಸೆಂಟ್ ದ ಪೌಲರ ಸಭೆಯಂಥ ಸಂಘಗಳ ನೆರವು, ಇವನ್ನೆಲ್ಲ ಕೂಡಿಸಿದರೂ ಸಂಗಾತಿಗಳ ಸಂಬಳಕ್ಕೆ ತಿಂಗಳ ಕೊನೆಯಲ್ಲಿ ಕೈ ಬಿಗಿಯುತ್ತದೆ. ಹಬ್ಬದ ದೀಪಾಲಂಕಾರಕ್ಕೂ ಪಟಾಕಿಗೂ ಆಗುವ ಖರ್ಚನ್ನು ಇಲ್ಲಿ ಎತ್ತಿ ಆಡುವ ಇಚ್ಛೆ ನಮಗಿಲ್ಲ. ಓದುಗರು ಧರ್ಮಕೇಂದ್ರದ ಲೆಕ್ಕಪತ್ರವನ್ನು ವರ್ಷಕ್ಕೊಮ್ಮೆ ಕೇಳಿಸಿಕೊಳ್ಳುವವರೇ.

ಒಮ್ಮೆಲೇ ಮನೆಯನ್ನು ಆರಂಭಿಸುವ ಶಕ್ತಿ ಇಲ್ಲದ ಕಡೆ ಸಣ್ಣದಾಗಿ ತೊಡಗಬಹುದು. ಮೂರು ನಾಲ್ಕು ಕುಟುಂಬಗಳು ಒಟ್ಟಾಗಿ ತಿಂಗಳಿಗೆ ಎರಡು ರಾತ್ರಿ ತಮ್ಮ ವಯಸ್ಕ ಮಕ್ಕಳನ್ನು ಒಂದು ಮನೆಯಲ್ಲಿ, ತರಬೇತಿ ಪಡೆದವರ ಜೊತೆಗೆ ಇರಿಸಬಹುದು. ಮೊದಲ ರಾತ್ರಿ ಮಕ್ಕಳೂ ಅಳುತ್ತಾರೆ, ತಾಯಿಯರೂ ಅಳುತ್ತಾರೆ. ತಾಯಿ ಸತ್ತ ದಿನವೇ ಅಪರಿಚಿತ ಮನೆಗೆ ಹೋಗುವುದಕ್ಕಿಂತ ತಾಯಿ ಇರುವಾಗಲೇ ಹೋಗಿ ಬಂದು ರೂಢಿಯಾಗುವುದು ಮೇಲು. ಸ್ಥಳೀಯ ಮಟ್ಟದ ಸಮಿತಿಯ ಅರ್ಜಿಯ ವಿವರವನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ ತಿಳಿಯಬಹುದು. ಹೋಗುವಾಗ ವೈಕಲ್ಯದ ಗುರುತಿನ ಚೀಟಿ, ಜನನದ ದಾಖಲೆ, ಆಧಾರ್ ಜೊತೆಯಲ್ಲಿರಲಿ.

ಜೊತೆಗೆ ಒಂದು ನೋಟ್‌ಬುಕ್ಕನ್ನೂ ಇರಿಸಿಕೊಳ್ಳುವಂತೆ ಈ ಕ್ಷೇತ್ರದಲ್ಲಿ ದುಡಿಯುವವರು ಪೋಷಕರಿಗೆ ಹೇಳುತ್ತಾರೆ. ಮಗ ಯಾವ ಔಷಧಿ ಎಷ್ಟು ಹೊತ್ತಿಗೆ ತೆಗೆದುಕೊಳ್ಳುತ್ತಾನೆ, ಯಾವ ಪದಾರ್ಥ ಅವನಿಗೆ ಆಗದು, ಹೊಟ್ಟೆನೋವು ಬಂದರೆ ಅದನ್ನು ಹೇಗೆ ತೋರಿಸುತ್ತಾನೆ, ಗುಡುಗಿಗೆ ಹೆದರಿದಾಗ ಏನು ಮಾಡಿದರೆ ಸುಮ್ಮನಾಗುತ್ತಾನೆ, ಜಪಸರದ ಯಾವ ಭಾಗವನ್ನು ಗಟ್ಟಿಯಾಗಿ ಹೇಳುತ್ತಾನೆ, ಅವನು ಆಡುವ ಅರೆಬರೆ ಮಾತುಗಳಿಗೆ ಅರ್ಥವೇನು, ಇವೆಲ್ಲ ಈಗ ತಾಯಿಯೊಬ್ಬಳ ತಲೆಯಲ್ಲಿ ಮಾತ್ರ ಇವೆ. ಬರೆಯಲು ಬಾರದ ತಾಯಿಗೆ ಧರ್ಮೋಪದೇಶ ತರಗತಿಯ ಹುಡುಗಿಯೊಬ್ಬಳು ಭಾನುವಾರ ಮಧ್ಯಾಹ್ನ ಪಕ್ಕದಲ್ಲಿ ಕುಳಿತು ಬರೆದುಕೊಡಬಹುದು.